ಅತಿಥಿ ಜನರ ಅಡುಗೆ: ಪಲ್ಯ ತುಂಬಿದ ತೋಫು ಮತ್ತು ತರಕಾರಿ ತಿಳಿಸಾರು



ಊರು ಬಿಟ್ಟು ಬಂದು, ಕೋಣೆ ಹಿಡಿದು, ಕೈಯಡುಗೆ ಮಾಡಿಕೊಂಡಿರುವ ನಮ್ಮಲ್ಲಿ ಅನೇಕರ ಊಟದ ಲೆಕ್ಕವನ್ನು ಒಮ್ಮೆ ಬರೆದು ನೋಡೋಣ. ಬೆಳಿಗ್ಗೆ ಚಹಾ, ಅದರೊಡನೆ ಎರಡು ಖಾರಿ ಬಿಸ್ಕತ್ತು. ಮಧ್ಯಾಹ್ನ ಅನ್ನ, ನೀರಾದ ಬೇಳೆ, ಆಲೂಗಡ್ಡೆ ಪಲ್ಯ. ಸಂಜೆ ಸೇವ್-ಮಮ್ರಾ ಇಲ್ಲವೆ ಗಾಂಠಿಯಾ. ರಾತ್ರಿ ಪಾಳಿಯಿದ್ದರೆ ಮತ್ತೆ ಚಹಾ. ಹೊಟ್ಟೆಯೇನೋ ತುಂಬುತ್ತದೆ. ಆದರೆ ಈ ಲೆಕ್ಕದಲ್ಲಿ ಪಿಷ್ಟವೂ ಜಿಡ್ಡೂ ಬೇಕಾದುದಕ್ಕಿಂತ ಹೆಚ್ಚು. ಸಸಾರಜನಕ, ಎಂದರೆ ಈಗ ಎಲ್ಲರೂ ಪ್ರೋಟೀನ್ ಎಂದು ಕರೆಯುವ ಮೈಕಟ್ಟುವ ವಸ್ತು, ಕಡಿಮೆ. ನಮ್ಮ ದೇಶದ ಆಹಾರ ತಜ್ಞರು 2020ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ, ಪ್ರಾಯದವರ ದೇಹದ ತೂಕದ ಪ್ರತಿ ಕಿಲೋವಿಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 60 ಕಿಲೋ ತೂಗುವವನಿಗೆ ಸುಮಾರು 50 ಗ್ರಾಂ. ನೀರಾದ ಬೇಳೆಯಿಂದ ಇದು ಒದಗುವುದು ಕಷ್ಟ.

ನಾನು ಅಹಮದಾಬಾದಿನ ಒಂದು ಪೋಳಿನಲ್ಲಿ ಮೂವರು ಗೆಳೆಯರೊಡನೆ ಕೋಣೆ ಹಿಡಿದಿದ್ದೆ. ಕೋಣೆಯಲ್ಲಿ ಮೀನು, ಮಾಂಸ, ಮೊಟ್ಟೆ ಬೇಯಿಸಕೂಡದೆಂದು ಮನೆಯವರ ಕಟ್ಟಳೆ. ಅವರ ಮನೆ, ಅವರ ನೇಮ. ನಾವು ಒಪ್ಪಿಯೇ ಬಂದವರು. ಆದರೆ ಕುಂದಾಪುರದ ಕಡೆಯ ಗೆಳೆಯರೊಬ್ಬರು ಆರು ತಿಂಗಳಲ್ಲಿ ಸೊರಗಿಹೋದರು. "ಊರಲ್ಲಿ ದಿನಾ ಮೀನು ಉಂಡ ಮೈ ಮಾರಾಯ್ರೆ, ಬರೀ ಅನ್ನ ಬಟಾಟೆಯಲ್ಲಿ ನಿಲ್ಲುವುದು ಹ್ಯಾಗೆ?" ಎಂದು ಅವರು ಒಂದು ರಾತ್ರಿ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ ಉತ್ತರಗಳಲ್ಲಿ ಒಂದನ್ನು ಇಲ್ಲಿ ಪಾಠವಾಗಿ ಬರೆದಿದ್ದೇನೆ.

ತೋಫು ಎಂದರೇನು?

ಸೂರತ್ತಿನಲ್ಲಿರುವ ಬಂಧುಗಳು ಅಲ್ಲಿಯ 'ಟೋಪ್ಲಿ ಪನೀರ್' ಕಂಡಿರಬಹುದು. ಪುಟ್ಟ ಬುಟ್ಟಿಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಿ ತೆಗೆದ, ಬಾಯಲ್ಲಿ ಕರಗುವ ಮೆತ್ತನೆಯ ಗಟ್ಟಿ ಅದು. ಹಸುವಿನ ಹಾಲಿನ ಬದಲು ಸೋಯಾ ಕಾಳನ್ನು ರುಬ್ಬಿ ಹಿಂಡಿದ ಹಾಲನ್ನು ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಭಾರವಿಟ್ಟರೆ ಅದೇ ತೋಫು. ಚೀನಾ, ಜಪಾನ್, ಕೊರಿಯಾಗಳಲ್ಲಿ ಶತಮಾನಗಳಿಂದ ನಿತ್ಯದ ಆಹಾರ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದ್ದರೆ, ಅಷ್ಟೇ ಒಣ ಸೋಯಾ ಕಾಳಿನಲ್ಲಿ ಸುಮಾರು 36ರಿಂದ 40 ಗ್ರಾಂ ಇದೆ.

ಇದು ಹೊರದೇಶದ ಹೊಸ ಹುಚ್ಚೆಂದು ಭಾವಿಸಬೇಡಿ. ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1930ರ ದಶಕದಲ್ಲಿ, ಬರೋಡಾ ಸಂಸ್ಥಾನವೇ ಸೋಯಾ ಕಾಳಿನ ಪ್ರಚಾರಕ್ಕೆ ಕೈಹಾಕಿತ್ತು. ಎಫ್. ಎಸ್. ಕಾಳೆಯವರು ಈ ಕಾಳಿನ ಬೆಳೆ ಮತ್ತು ಬಳಕೆಯನ್ನು ಕುರಿತು ಬರೆದ ಗ್ರಂಥ 1936ರಲ್ಲಿ ಬರೋಡಾದಲ್ಲೇ ಅಚ್ಚಾಯಿತು. ಅದರ ಹಿಂದಿನ ವರ್ಷ, 1935ರಲ್ಲಿ, ಗಾಂಧೀಜಿಯವರು ವರ್ಧಾದ ಮಗನವಾಡಿಯಲ್ಲಿ ಸೋಯಾ ಆಹಾರದ ಪ್ರಯೋಗ ನಡೆಸಿ 'ಹರಿಜನ' ಪತ್ರಿಕೆಯಲ್ಲಿ ಬರೆದರು. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಸೋಯಾ ಹಾಲಿನ ಸಂಶೋಧನೆ ಮಾಡಿದರು. ಮುಂದೆ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯಕ್ಕೆ ಅವರೇ ಮೊದಲ ನಿರ್ದೇಶಕರು. ನಾವು ಬಿಟ್ಟುಬಂದ ನಾಡೂ ನಾವು ಬಂದು ನಿಂತ ನಾಡೂ ಈ ಕಾಳಿನ ಪರಿಚಯವುಳ್ಳವೇ.

ತೋಫುವಿನಲ್ಲಿ ಪಲ್ಯ ತುಂಬುವ ಕ್ರಮ 'ಹಕ್ಕಾ' ಎಂಬ ಚೀನೀ ಜನರದು. ಇಲ್ಲಿಯ ಬೀದಿಯ ಗಾಡಿಗಳ ಮೇಲೆ 'ಹಕ್ಕಾ ನೂಡಲ್ಸ್' ಎಂದು ಬರೆದಿರುವುದನ್ನು ನೋಡಿದ್ದೀರಿ. ಆ ಹೆಸರಿನ ಅರ್ಥ 'ಅತಿಥಿ ಜನ'. ಅವರು ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದವರು. ಹೊಸ ನೆಲದಲ್ಲಿ ಗೋಧಿ ಹಿಟ್ಟು ಸಿಗದೆ, ಹಬ್ಬದ ಕಡುಬಿಗೆ ತುಂಬುತ್ತಿದ್ದ ಪದಾರ್ಥವನ್ನು ತೋಫುವಿನೊಳಗೆ ತುಂಬಿದರೆಂದು ಹೇಳುವುದುಂಟು. ಅವರು ತುಂಬುತ್ತಿದ್ದುದು ಮಾಂಸ, ಮೀನು. ನಾವು ತುಂಬುವುದು ತರಕಾರಿ.

ಬೇಕಾಗುವ ಸಾಮಾನು (ನಾಲ್ವರಿಗೆ)

ಸೋಯಾ ಕಾಳು 250 ಗ್ರಾಂ, ರಸವಿರುವ ನಿಂಬೆ 3 ಅಥವಾ 4, ಗಜ್ಜರಿ 2, ಎಲೆಕೋಸು ಕಾಲು ಭಾಗ, ಹುರುಳಿಕಾಯಿ ಒಂದು ಹಿಡಿ, ಸೋರೆಕಾಯಿಯ ಒಂದು ಗೇಣು ತುಂಡು, ಪಾಲಕ್ ಅಥವಾ ಮೆಂತ್ಯದ ಸೊಪ್ಪು ಒಂದು ಸಣ್ಣ ಕಟ್ಟು, ಎಳೆ ಈರುಳ್ಳಿ ಸೊಪ್ಪು, ಶುಂಠಿ, ಹಸಿಮೆಣಸಿನಕಾಯಿ, ಕಾಳುಮೆಣಸು, ಉಪ್ಪು, ಕಡಲೆ ಹಿಟ್ಟು 4 ಚಮಚ, ಎಣ್ಣೆ 3 ಚಮಚ, ತೆಳುವಾದ ಶುಭ್ರ ಬಿಳಿ ಬಟ್ಟೆ.

ಅಹಮದಾಬಾದಿನ ಮಾಣೆಕ್ ಚೌಕದಲ್ಲಾಗಲಿ ವಡೋದರಾದ ಖಂಡೇರಾವ್ ಮಾರುಕಟ್ಟೆಯ ಬಳಿಯಾಗಲಿ ತರಕಾರಿ ಕೇಳುವ ಹೊಸಬರಿಗೆ ಈ ಹೆಸರುಗಳು ಉಪಯೋಗವಾದಾವು: ಸೋರೆಕಾಯಿ ದೂಧಿ, ಎಲೆಕೋಸು ಕೋಬಿ, ಹುರುಳಿಕಾಯಿ ಫಣಸಿ, ಎಳೆ ಈರುಳ್ಳಿ ಲೀಲಿ ಡುಂಗಳಿ, ಶುಂಠಿ ಆದು, ಕೊತ್ತಂಬರಿ ಸೊಪ್ಪು ಕೋಥಮೀರ್.

ತೋಫು ಮಾಡುವ ಕ್ರಮ

1. ಶನಿವಾರ ರಾತ್ರಿ ಕಾಳನ್ನು ತೊಳೆದು, ಮೂರರಷ್ಟು ನೀರಿನಲ್ಲಿ ನೆನೆಹಾಕಿ. ಎಂಟರಿಂದ ಹತ್ತು ಗಂಟೆ ನೆನೆಯಬೇಕು. ಬೇಸಗೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸಿ. ಇಲ್ಲದಿದ್ದರೆ ಹುಳಿವಾಸನೆ ಬಂದೀತು.

2. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕುತ್ತ ಮಿಕ್ಸರಿನಲ್ಲಿ ನುಣ್ಣಗೆ ರುಬ್ಬಿ. ಎಲ್ಲ ಸೇರಿ ಸುಮಾರು 2 ಲೀಟರ್ ನೀರು ಹಿಡಿಯುತ್ತದೆ. ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಹಿಂಡಿ. ಉಳಿದ ಹಿಂಡಿಯನ್ನು ಎಸೆಯಬೇಡಿ.

3. ಹಾಲನ್ನು ದೊಡ್ಡ ಪಾತ್ರೆಯಲ್ಲಿ, ಅರ್ಧಕ್ಕಿಂತ ಹೆಚ್ಚು ತುಂಬದಂತೆ, ಒಲೆಗಿಡಿ. ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಸೋಯಾ ಹಾಲು ನಿಜವಾಗಿ ಕುದಿಯುವುದಕ್ಕೆ ಮೊದಲೇ ನೊರೆಯೆದ್ದು ಉಕ್ಕುತ್ತದೆ. ಹಸುವಿನ ಹಾಲಿನ ರೂಢಿಯಿಂದ "ಕುದಿಯಿತು" ಎಂದು ಒಲೆ ಆರಿಸಬಾರದು. ಉರಿ ಸಣ್ಣ ಮಾಡಿ, ನೊರೆ ಇಳಿಸಿ, ಹಾಲು ಕೊತಕೊತ ಕುದಿಯಲಾರಂಭಿಸಿದ ಮೇಲೆ ಹತ್ತು ನಿಮಿಷ ಪೂರ್ತಿ ಕುದಿಸಬೇಕು. ಹಸಿ ಸೋಯಾದಲ್ಲಿ ಸಸಾರಜನಕದ ಜೀರ್ಣವನ್ನು ತಡೆಯುವ ವಸ್ತುವೊಂದಿದೆ. ಅದರ ಪ್ರಭಾವ ಕುಂದುವುದು ಚೆನ್ನಾಗಿ ಕುದಿದಾಗಲೇ. ಮೊದಲನೆಯ ಸಲ ನಾನು ನೊರೆ ಕಂಡೊಡನೆ ಇಳಿಸಿಬಿಟ್ಟೆ. ಅಂದು ರಾತ್ರಿ ಇಬ್ಬರು ಗೆಳೆಯರು ಹೊಟ್ಟೆ ಹಿಡಿದುಕೊಂಡು ಕುಳಿತರು, ಮರುದಿನ ಕೆಲಸಕ್ಕೂ ಹೋಗಲಾಗಲಿಲ್ಲ. ದಿನಗೂಲಿಯವನಿಗೆ ಆ ಒಂದು ದಿನದ ಬೆಲೆ ಎಷ್ಟೆಂದು ನಿಮಗೆ ಹೇಳಬೇಕಿಲ್ಲ.

4. ಒಲೆಯಿಂದ ಇಳಿಸಿ ಐದು ನಿಮಿಷ ಬಿಡಿ. ನಿಂಬೆರಸಕ್ಕೆ ಒಂದು ಲೋಟ ನೀರು ಬೆರೆಸಿ, ಮೂರು ಸಲವಾಗಿ ಸ್ವಲ್ಪ ಸ್ವಲ್ಪವೇ ಹಾಕುತ್ತ ಮೆಲ್ಲನೆ ಒಮ್ಮೆ ತಿರುವಿ. ರಭಸದಿಂದ ಕಲಕಿದರೆ ಗಟ್ಟಿ ಚೂರುಚೂರಾಗುತ್ತದೆ. ಮುಚ್ಚಿಟ್ಟು ಹದಿನೈದು ನಿಮಿಷ ಕಾದರೆ ಗಟ್ಟಿ ಬೇರೆ, ತಿಳಿನೀರು ಬೇರೆಯಾಗುತ್ತದೆ. ನೀರು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಮತ್ತಷ್ಟು ನಿಂಬೆರಸ ಬೇಕೆಂದು ಅರ್ಥ.

5. ಬಟ್ಟೆಯಲ್ಲಿ ಬಸಿದು, ಚೌಕವಾಗಿ ಮಡಿಸಿ, ಎರಡು ತಟ್ಟೆಗಳ ನಡುವೆ ಇಡಿ. ಮೇಲೆ ನೀರು ತುಂಬಿದ ಪಾತ್ರೆಯನ್ನು ಮುಕ್ಕಾಲು ಗಂಟೆ ಹೇರಿ. ಸುಮಾರು 350 ಗ್ರಾಂ ಗಟ್ಟಿ ತೋಫು ಸಿಗುತ್ತದೆ. ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಇನ್ನಷ್ಟು ಬಿಗಿಯಾಗಿ, ಹುಳಿಯೂ ಕಡಿಮೆಯಾಗುತ್ತದೆ.

ತುಂಬುವುದು, ಸಾರು ಮಾಡುವುದು

ಒಂದು ಗಜ್ಜರಿ, ಸ್ವಲ್ಪ ಎಲೆಕೋಸು, ಶುಂಠಿ, ಹಸಿಮೆಣಸಿನಕಾಯಿಗಳನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ. ಉಳಿಸಿಟ್ಟ ಹಿಂಡಿಯಿಂದ ಒಂದು ಹಿಡಿ, ಉಪ್ಪು, ಎರಡು ಚಮಚ ಕಡಲೆ ಹಿಟ್ಟು ಸೇರಿಸಿ, ಹಸಿವಾಸನೆ ಹೋಗುವವರೆಗೆ ಹುರಿದರೆ ಪಲ್ಯ ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ಹಿಂಡಿಯೂ ಹಸಿಯೇ ಆದ್ದರಿಂದ ಏಳೆಂಟು ನಿಮಿಷ ಚೆನ್ನಾಗಿ ಹುರಿಯಬೇಕು.

ತೋಫುವನ್ನು ನಾಲ್ಕು ಚೌಕ ಮಾಡಿ, ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಕೊಯ್ದರೆ ಎಂಟು ತ್ರಿಕೋಣ. ಎಣ್ಣೆಗಾಯಿಗೆ ಬದನೆಯನ್ನು ಸೀಳುವಂತೆ, ಉದ್ದನೆಯ ಬದಿಯಲ್ಲಿ ಪೂರ್ತಿ ತುಂಡಾಗದಂತೆ ಸೀಳಿ, ಚಮಚದ ತುದಿಯಿಂದ ಸ್ವಲ್ಪ ತೋಡಿ ಪಲ್ಯ ತುಂಬಿ. ತೋಡಿದ ಚೂರುಗಳನ್ನು ಸಾರಿಗೆ ಹಾಕಬಹುದು. ಬಾಯಿಗೆ ಕಡಲೆ ಹಿಟ್ಟು ಸವರಿ, ಎರಡು ಚಮಚ ಎಣ್ಣೆ ಹಾಕಿದ ಕಾವಲಿಯ ಮೇಲೆ, ತುಂಬಿದ ಬದಿ ಮೊದಲು ಕೆಳಗಾಗುವಂತೆ, ಹೊಂಬಣ್ಣ ಬರುವವರೆಗೆ ಕಾಯಿಸಿ.

ಇನ್ನೊಂದು ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರಿಗೆ ಜಜ್ಜಿದ ಶುಂಠಿ ಹಾಕಿ ಕುದಿಸಿ. ಗಜ್ಜರಿ, ಹುರುಳಿಕಾಯಿ ಮೊದಲು. ಐದು ನಿಮಿಷದ ಮೇಲೆ ಸೋರೆಕಾಯಿ, ಎಲೆಕೋಸು. ಅವು ಮುಕ್ಕಾಲು ಬೆಂದಾಗ ಉಪ್ಪು ಹಾಕಿ, ತುಂಬಿದ ತೋಫುವನ್ನು ಮೆಲ್ಲನೆ ಇಳಿಬಿಟ್ಟು ಸಣ್ಣ ಉರಿಯಲ್ಲಿ ಎಂಟು ನಿಮಿಷ ಇಡಿ. ಕೊನೆಗೆ ಸೊಪ್ಪು, ಎಳೆ ಈರುಳ್ಳಿ, ಕುಟ್ಟಿದ ಮೆಣಸು. ಸೊಪ್ಪು ಹಾಕಿದ ಎರಡೇ ನಿಮಿಷಕ್ಕೆ ಇಳಿಸಿಬಿಡಿ. ಹೆಚ್ಚು ಬೆಂದರೆ ಜೀವಸತ್ವ ನಷ್ಟ. ಒಬ್ಬೊಬ್ಬರಿಗೆ ಎರಡು ತುಂಡು, ಒಂದು ಬಟ್ಟಲು ಸಾರು, ಜೊತೆಗೆ ಅನ್ನ ಅಥವಾ ಬಾಜ್ರಿಯ ರೊಟ್ಟಿ. ತೋಫುವಿನಿಂದಲೇ ಒಬ್ಬರ ಪಾಲಿಗೆ ಸುಮಾರು 12 ಗ್ರಾಂ ಸಸಾರಜನಕ ಬರುತ್ತದೆ. ದಿನದ ಬೇಡಿಕೆಯ ಕಾಲು ಭಾಗ.

ಎಚ್ಚರಿಕೆಯ ಮಾತುಗಳು

ಇಲ್ಲಿಯ ಬೇಸಗೆಯಲ್ಲಿ ತೋಫು ಹೊರಗೆ ಉಳಿಯದು. ಶೈತ್ಯಪೆಟ್ಟಿಗೆ ಇಲ್ಲದವರು ಅಂದೇ ತಿಂದು ಮುಗಿಸಬೇಕು. ಇದ್ದವರು ನೀರಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸಿ, ಮೂರು ದಿನ ಇಡಬಹುದು. ಸೋಯಾ ಕೆಲವರಿಗೆ ಒಗ್ಗುವುದಿಲ್ಲ. ಮೊದಲು ಸ್ವಲ್ಪ ತಿಂದು ನೋಡಿ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಯ ಹೊತ್ತಿಗೇ ಇದನ್ನು ತಿನ್ನಬಾರದು. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಕುಂದಾಪುರದ ಗೆಳೆಯರು ಮೊದಲ ತುತ್ತಿಗೆ, "ಮೀನಿನ ರುಚಿ ಇಲ್ಲ, ಆದರೆ ಅಡ್ಡಿಯಿಲ್ಲ" ಎಂದರು. ಮೂರನೆಯ ಭಾನುವಾರ ಕಾಳು ನೆನೆಹಾಕಿದವರು ಅವರೇ. ಕೆಳಮನೆಯ ಒಡತಿಯನ್ನು ನಾವೆಲ್ಲ ಇಲ್ಲಿಯ ವಾಡಿಕೆಯಂತೆ 'ಬಾ' ಎಂದೇ ಕರೆಯುತ್ತಿದ್ದೆವು. ಜೈನರಾದ ಅವರಿಗೆ ಈರುಳ್ಳಿ, ಗಜ್ಜರಿ, ಹಸಿಶುಂಠಿ ವರ್ಜ್ಯ. ಒಂದು ದಿನ ಅವನ್ನೆಲ್ಲ ಬಿಟ್ಟು, ದೂಧಿ, ಕೋಬಿ, ಮೆಣಸು ಮಾತ್ರ ಹಾಕಿ ಒಂದು ಬಟ್ಟಲು ಕೊಟ್ಟೆವು. ಅವರು ಸಾಮಾನುಗಳನ್ನು ಒಂದೊಂದಾಗಿ ವಿಚಾರಿಸಿ ತಿಳಿದುಕೊಂಡ ಮೇಲೆಯೇ ರುಚಿ ನೋಡಿದರು. ಮರುದಿನ ಬಟ್ಟಲು ಹಿಂದಿರುಗಿದಾಗ ಅದರಲ್ಲಿ ಬಿಸಿ ಮುಠಿಯಾ ಇತ್ತು.

ಬರುವ ಶನಿವಾರ ರಾತ್ರಿ ಮಲಗುವ ಮುನ್ನ ಕಾಲು ಕಿಲೋ ಕಾಳು ನೆನೆಹಾಕಿ. ಹತ್ತು ನಿಮಿಷ ಪೂರ್ತಿ ಕುದಿಸುವುದನ್ನು ಮಾತ್ರ ಮರೆಯಬೇಡಿ.