ಎರಡನೆಯ ಹಂತದ ಲೀಗ್: ಮೇಲೇರುವ ದಾರಿಯೂ ಅದರ ನಿಯಮವೂ

ವೃತ್ತಿಪರ ಫುಟ್‌ಬಾಲ್ ಇಂದು ಆಟವಷ್ಟೇ ಅಲ್ಲ, ಒಂದು ಉದ್ದಿಮೆಯೂ ಹೌದು. ಆಟಗಾರರ ವೇತನ, ಪ್ರಯಾಣ ಮತ್ತು ಮೈದಾನಗಳು ಅದರ ವೆಚ್ಚ. ಪ್ರಾಯೋಜಕತ್ವ, ಟಿಕೆಟ್ ಹಾಗೂ ಪ್ರಸಾರ ಹಕ್ಕುಗಳು ಅದರ ವರಮಾನ. ಈ ಉದ್ದಿಮೆಯ ಎರಡನೆಯ ಹಂತದಲ್ಲಿರುವ ಕ್ಲಬ್ಬಿನ ಸ್ಥಿತಿ, ಮೇಲಿನ ಹಂತಕ್ಕೇರಲು ಬಂಡವಾಳ ಹೂಡುವ ಸಣ್ಣ ಉದ್ಯಮಿಯ ಸ್ಥಿತಿಗೆ ತೀರ ಹತ್ತಿರವಾದುದು.

ಹಿನ್ನೆಲೆ

2007ರಲ್ಲಿ ಆರಂಭವಾದಾಗ ಐ-ಲೀಗ್ ದೇಶದ ಅಗ್ರ ಲೀಗ್ ಆಗಿತ್ತು. 2013ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ಎಫ್.ಸಿ. 2013-14 ಹಾಗೂ 2015-16ರಲ್ಲಿ ಅದನ್ನು ಗೆದ್ದಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹುಟ್ಟಿತು. 2017ರಲ್ಲಿ ಬೆಂಗಳೂರು ತಂಡ ಅದನ್ನು ಸೇರಿದ್ದು ಬಡ್ತಿಯಿಂದಲ್ಲ, ಬಿಡ್ ಸಲ್ಲಿಸಿ. ಮರುವರ್ಷ ಐ-ಲೀಗ್ ಗೆದ್ದ ಮಿನರ್ವ ಪಂಜಾಬ್ ತಂಡಕ್ಕೆ ಮೇಲಿನ ಬಾಗಿಲು ತೆರೆಯಲಿಲ್ಲ. ಬಡ್ತಿಯ ನಿಯಮವೇ ಇರಲಿಲ್ಲ.

2019ರಲ್ಲಿ ಏಷ್ಯನ್ ಫುಟ್‌ಬಾಲ್ ಒಕ್ಕೂಟ ಅನುಮೋದಿಸಿದ ಮಾರ್ಗಸೂಚಿ ಸೂಪರ್ ಲೀಗಿಗೆ ಅಗ್ರಸ್ಥಾನ ನೀಡಿತು. ಅದರೊಂದಿಗೆ 2022-23ರಿಂದ ಐ-ಲೀಗ್ ವಿಜೇತರಿಗೆ ಪ್ರವೇಶ ಶುಲ್ಕವಿಲ್ಲದೆ ಬಡ್ತಿಯ ಅವಕಾಶವನ್ನೂ ಕಲ್ಪಿಸಿತು. ಒಡೆತನ ಮತ್ತು ಹೆಸರು ಬದಲಾಗಿದ್ದ ಅದೇ ಪಂಜಾಬ್ ತಂಡ ಮೊದಲ ಬಡ್ತಿ ಪಡೆದದ್ದು ಗಮನಾರ್ಹ. 2023-24ರಲ್ಲಿ ಗೆದ್ದ ಕೋಲ್ಕತದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿಗೂ ಆ ಅವಕಾಶ ದೊರೆಯಿತು.

ಗೆಲುವೊಂದೇ ಸಾಲದು

ಬಡ್ತಿಗೆ ಅಂಕಪಟ್ಟಿಯ ಜೊತೆಗೆ ಪರವಾನಗಿಯೂ ಬೇಕು. ಕ್ರೀಡಾ ವ್ಯವಸ್ಥೆ, ಮೂಲಸೌಕರ್ಯ, ಸಿಬ್ಬಂದಿ ಹಾಗೂ ಆಡಳಿತ, ಕಾನೂನು, ಹಣಕಾಸು ಎಂಬ ಐದು ಬಗೆಯ ಮಾನದಂಡಗಳಲ್ಲಿ ಕ್ಲಬ್ಬಿನ ಪರೀಕ್ಷೆ ನಡೆಯುತ್ತದೆ. ಎಲೆಯ ಗುಣಮಟ್ಟದೊಡನೆ ತಂಬಾಕು ಮಂಡಳಿಯ ನೋಂದಣಿಯ ಮಹತ್ವವನ್ನೂ ಬಲ್ಲ ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಏರಿದ ಮೇಲೆ ನಿಲ್ಲುವುದು ಇನ್ನೊಂದು ಕೆಲಸ. ಎಸ್.ಸಿ. ಬೆಂಗಳೂರು 2023-24ರಲ್ಲಿ ಮೂರನೆಯ ಹಂತದ ಐ-ಲೀಗ್ 2 ಗೆದ್ದು ಮೇಲೇರಿತು. 2024-25ರ ಒಂದೇ ಋತುವಿನಲ್ಲಿ ಹಿಂಬಡ್ತಿ ಕಂಡಿತು. ಆ ವರ್ಷ ಐ-ಲೀಗಿನ ಪ್ರಶಸ್ತಿಯೂ ವಿವಾದಕ್ಕೊಳಗಾಗಿ, ಕ್ರೀಡಾ ಪಂಚಾಯ್ತಿ ನ್ಯಾಯಾಲಯವು 2025ರ ಜುಲೈನಲ್ಲಿ ಇಂಟರ್ ಕಾಶಿ ತಂಡದ ಪರ ತೀರ್ಪಿತ್ತಿತು. ಅದೇ ಹೊತ್ತಿಗೆ, 2010ರಿಂದ 15 ವರ್ಷಗಳಿಗೆ ಆಗಿದ್ದ ವಾಣಿಜ್ಯ ಹಕ್ಕುಗಳ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯಲಿದ್ದು ನವೀಕರಣವಾಗದ ಕಾರಣ ಸೂಪರ್ ಲೀಗಿನ ಆರಂಭವೇ ಮುಂದೆ ಹೋಯಿತು. ಕೆಲವು ಕ್ಲಬ್ಬುಗಳು ತಂಡದ ಚಟುವಟಿಕೆಯನ್ನೋ ವೇತನವನ್ನೋ ತಡೆಹಿಡಿದವು. ಗೆದ್ದವರಿಗೂ ಹೋಗಿ ಸೇರುವ ಜಾಗ ಖಚಿತವಿರಲಿಲ್ಲ.

ಉದ್ಯಮಿಗಳಿಗೆ ಪಾಠ

ಎರಡನೆಯ ಹಂತದಲ್ಲಿರುವುದು ಕೊರತೆಯಲ್ಲ. ಮೇಲೇರುವ ನಿಯಮ ಮೊದಲೇ ತಿಳಿಯದಿರುವುದು ಕೊರತೆ. ದೊಡ್ಡ ಕಾರ್ಖಾನೆಗೆ ಬಿಡಿಭಾಗ ಪೂರೈಸಲೆಂದು ಹೊಸ ಯಂತ್ರ ಕೊಳ್ಳುವ ಉದ್ಯಮಿ ಮೂರು ವಿಷಯಗಳನ್ನು ಮುಂಚಿತವಾಗಿ ಪರಿಶೀಲಿಸುವುದು ಒಳಿತು. ಅರ್ಹತೆಯ ನಿಯಮ ಲಿಖಿತವಾಗಿದೆಯೇ? ಅಗತ್ಯ ಪ್ರಮಾಣಪತ್ರಗಳು ಕೈಯಲ್ಲಿವೆಯೇ? ಕರಾರಿನ ಅವಧಿ ಸಾಲದ ಕಂತುಗಳು ತೀರುವವರೆಗೆ ಬಾಳುವುದೇ? ಮೂರನೆಯದಕ್ಕೆ ಉತ್ತರ ದೊರೆಯದಿದ್ದರೆ, ಇರುವ ಹಂತದಲ್ಲಿಯೇ ಬುಡ ಭದ್ರಪಡಿಸಿಕೊಳ್ಳುವುದು ಜಾಣತನ.