ಕಣ್ಣನ್ನು ಲೆಡ್ಜರ್‌ನಲ್ಲಿ ಬರೆಯಬಾರದು, ಯಾಕೆ?

ಪಾಸ್‌ವರ್ಡ್ ಸೋರಿಹೋದರೆ ಬದಲಾಯಿಸಿಕೊಳ್ತೀವಿ. ಬೆರಳಚ್ಚು ಸೋರಿಹೋದರೆ? 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಕಚೇರಿಯ ದತ್ತಾಂಶ ಕಳುವಾದಾಗ ಸುಮಾರು 56 ಲಕ್ಷ ಜನರ ಬೆರಳಚ್ಚುಗಳೂ ಅದರ ಜೊತೆ ಹೋದವು. ಅವರು ಹೊಸ ಬೆರಳು ತರೋದು ಎಲ್ಲಿಂದ?

ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕಿದ್ದೇ ತಪ್ಪು, ಬ್ಲಾಕ್‌ಚೈನ್‌ನಲ್ಲಿ ಹಂಚಿಟ್ಟರೆ ಸರಿಹೋಗುತ್ತೆ ಅಂತ ನಮಗೆ ತಟ್ಟನೆ ಅನ್ನಿಸಬಹುದು. ಆದರೆ ಅಲ್ಲಿ ಬರೆದದ್ದಕ್ಕೆ ಎಷ್ಟೋ ನೋಡ್‌ಗಳಲ್ಲಿ ಪ್ರತಿ ಇರುತ್ತೆ, ಅಳಿಸೋದು ಹೆಚ್ಚುಕಡಿಮೆ ಅಸಾಧ್ಯ. ಹಾಗಾದರೆ ಅಲ್ಲಿ ಏನನ್ನು ಇಡಬಹುದು ಅಂತ ನೋಡೋಣ.

ಹ್ಯಾಶ್ ಮಾಡಿದರೆ ಸಾಲದೇ?

ಸಾಲದು. ಜಾನ್ ಡಾಗ್‌ಮನ್ ಅವರ ವಿಧಾನದಲ್ಲಿ ಕಣ್ಣಿನ ಪಾಪೆಯ ಸುತ್ತಲಿನ ಐರಿಸ್ 2048 ಬಿಟ್‌ಗಳ ಸಂಕೇತವಾಗುತ್ತದೆ. ಅದೇ ಕಣ್ಣನ್ನು ಎರಡು ಸಲ ಸ್ಕ್ಯಾನ್ ಮಾಡಿದರೂ ಕೆಲವು ಬಿಟ್ ಬದಲಾಗಿರುತ್ತವೆ. ಬೇರೆ ಬೇರೆ ಕಣ್ಣುಗಳಾದರೆ ಸುಮಾರು ಅರ್ಧದಷ್ಟು ಬೇರೆಯಾಗುತ್ತವೆ. ಹ್ಯಾಶ್‌ಗೋ ಒಂದು ಬಿಟ್ ಬದಲಾದರೂ ಉತ್ತರ ಪೂರ್ತಿ ಬೇರೆ. 'ಹತ್ತಿರ ಇದೆ' ಅನ್ನೋದು ಅದಕ್ಕೆ ಗೊತ್ತೇ ಆಗಲ್ಲ.

ಫಜಿ ಕಮಿಟ್‌ಮೆಂಟ್

1999ರಲ್ಲಿ ಆರಿ ಜ್ಯೂಯೆಲ್ಸ್ ಮತ್ತು ಮಾರ್ಟಿನ್ ವಾಟೆನ್‌ಬರ್ಗ್ ಕೊಟ್ಟ ಉಪಾಯ ಇದು. ದೋಷ ತಿದ್ದುವ ಕೋಡ್ ನಾವು ಕಮ್ಯುನಿಕೇಶನ್ ಪಾಠದಲ್ಲಿ ಓದಿದ್ದೇ. ಐದು ಬಿಟ್‌ನಲ್ಲಿ ಮಾಡಿ ನೋಡೋಣ.

ಗುಟ್ಟಿನ ಕೀಲಿ 1. ಐದು ಸಲ ಬರೆದರೆ 11111. ಕಣ್ಣಿನ ಸಂಕೇತ 10110. ಎರಡನ್ನೂ ಎಕ್ಸಾರ್ ಮಾಡಿದರೆ 01001. ಇದನ್ನು ಮತ್ತು ಕೀಲಿಯ ಹ್ಯಾಶನ್ನು ಮಾತ್ರ ಉಳಿಸಿ, ಕಣ್ಣಿನ ಸಂಕೇತವನ್ನು ಅಳಿಸುತ್ತೇವೆ.

ಮುಂದಿನ ಸಲ ಸ್ಕ್ಯಾನ್ 10100 ಬಂತು, ಒಂದು ಬಿಟ್ ತಪ್ಪು. 01001 ಜೊತೆ ಎಕ್ಸಾರ್ ಮಾಡಿದರೆ 11101. ಬಹುಮತ 1ಕ್ಕೆ. ಕೀಲಿ ವಾಪಸ್ ಸಿಕ್ತು! ಹ್ಯಾಶ್ ತಾಳೆ ನೋಡಿದರೆ ಆಯ್ತು.

ಐದು ಬಿಟ್‌ನ ಆಟದಲ್ಲಿ ಕಳ್ಳ ಎರಡೇ ಊಹೆ ಮಾಡಿದರೆ ಸಾಕು. ನಿಜವಾದ ವ್ಯವಸ್ಥೆಗೆ ಉದ್ದದ ಕೀಲಿ, ಬಲವಾದ ಕೋಡ್ ಬೇಕು. 2006ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಫೆಂಗ್ ಹಾವ್, ರಾಸ್ ಆಂಡರ್ಸನ್, ಡಾಗ್‌ಮನ್ ಮೂವರೂ ಹಡಮಾರ್ಡ್ ಮತ್ತು ರೀಡ್-ಸಾಲೊಮನ್ ಕೋಡ್‌ಗಳನ್ನು ಸೇರಿಸಿ, ಐರಿಸ್ ಮೂಲಕ 140 ಬಿಟ್ ಕೀಲಿಯನ್ನು ವಾಪಸ್ ಪಡೆದು ತೋರಿಸಿದರು.

ನೆಟ್‌ವರ್ಕ್‌ಗೆ ಬಂದಾಗ

ಈ ಕೀಲಿಯಿಂದ ಫೋನ್‌ನಲ್ಲೇ ಒಂದು ಖಾಸಗಿ-ಸಾರ್ವಜನಿಕ ಕೀಲಿ ಜೋಡಿ ಹುಟ್ಟಿಸಬಹುದು. ಲೆಡ್ಜರ್‌ಗೆ ಹೋಗೋದು ಸಾರ್ವಜನಿಕ ಕೀಲಿ ಮಾತ್ರ. ಪರಿಶೀಲಿಸುವವರು ಒಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತಾರೆ, ಫೋನ್ ಅದಕ್ಕೆ ಸಹಿ ಹಾಕಿ ಕೊಡುತ್ತದೆ. ಕಣ್ಣು ಫೋನ್ ದಾಟಿ ಹೊರಗೆ ಹೋಗಲೇ ಇಲ್ಲ.

ಇಲ್ಲೊಂದು ಬಲೆ ಇದೆ. '01001ರಲ್ಲಿ ಕಣ್ಣು ಅಡಗಿದೆಯಲ್ಲ, ಅದನ್ನೂ ಲೆಡ್ಜರ್‌ನಲ್ಲಿ ಇಟ್ಟರೆ ಏನಾಯ್ತು?' ಒಬ್ಬರೇ ಬ್ಯಾಂಕ್‌ಗೂ ಆಸ್ಪತ್ರೆಗೂ ಬೇರೆ ಬೇರೆ ಕೀಲಿ ಬಳಸಿ ನೋಂದಾಯಿಸಿದರು ಅಂದುಕೊಳ್ಳಿ. ಎರಡೂ ದಾಖಲೆಗಳನ್ನು ಎಕ್ಸಾರ್ ಮಾಡಿದರೆ ಕಣ್ಣು ಕಣ್ಣಿಗೆ ವಜಾ ಆಗಿ, ಎರಡು ಕೋಡ್‌ಪದಗಳ ಎಕ್ಸಾರ್ ಉಳಿಯುತ್ತದೆ. ಲೀನಿಯರ್ ಕೋಡ್‌ನಲ್ಲಿ ಅದೂ ಒಂದು ಕೋಡ್‌ಪದವೇ! ಉತ್ತರ ಯಾವುದಾದರೂ ಕೋಡ್‌ಪದದ ಹತ್ತಿರ ಬಂದರೆ ಇಬ್ಬರೂ ಒಬ್ಬರೇ ಅನ್ನೋ ಸುಳಿವು ಸಿಕ್ಕಿಬಿಡುತ್ತದೆ. ಹೆಸರೇ ಬೇಡ, ರೋಗಿಯ ಬ್ಯಾಂಕ್ ಖಾತೆ ಯಾವುದು ಅಂತ ಜೋಡಿಸಬಹುದು.

ಆದ್ದರಿಂದ ಈ ಸಹಾಯಕ ದತ್ತಾಂಶವೂ ಫೋನ್‌ನ ಸುರಕ್ಷಿತ ಭಾಗದಲ್ಲೇ ಇರಬೇಕು. ಒಂದೊಂದು ಸೇವೆಗೂ ಬೇರೆ ಸಾರ್ವಜನಿಕ ಕೀಲಿ ಬೇಕು. ಮುದ್ರಿಸಿದ ಕಣ್ಣಿನ ಚಿತ್ರ ತೋರಿಸಿ ಮೋಸ ಮಾಡಿದರೆ ಈ ಗಣಿತ ತಡೆಯಲ್ಲ. ಅದನ್ನು ಸ್ಕ್ಯಾನರ್ ಹಿಡಿಯಬೇಕು.

ಪ್ರಾಜೆಕ್ಟ್‌ನಲ್ಲಿ ಇಂಥದ್ದು ಕಟ್ಟುವಾಗ ಲೆಡ್ಜರ್‌ಗೆ ಹೋಗುವ ಪ್ರತಿ ಫೀಲ್ಡ್‌ಗೂ ಒಂದೇ ಪ್ರಶ್ನೆ ಕೇಳೋಣ: ನಾಳೆ ಇದು ಬೇಡ ಅಂದರೆ ಬದಲಾಯಿಸಬಹುದಾ? ಕೀಲಿಯನ್ನು ಬದಲಾಯಿಸಬಹುದು. ಕಣ್ಣನ್ನು ಆಗಲ್ಲ.