ಹೌದೆನ್ನುವ ಮುನ್ನ ಕುಳಿತು ಲೆಕ್ಕ ಹಾಕಿ

ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳಿದ್ದನ್ನು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಶಿಷ್ಯರಾಗುವುದನ್ನು ಕುರಿತು ಹೇಳಿದ ಮಾತಾದರೂ ಬದುಕಿನ ಎಲ್ಲ ದೊಡ್ಡ ನಿರ್ಧಾರಗಳಿಗೂ ಅದು ದಾರಿದೀಪ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಇಂದು ಅಂಥದೊಂದು ಪ್ರಶ್ನೆ ಎದುರಾಗುತ್ತಿದೆ. ಮಗನ ಓದು ಮುಗಿದಿದೆ. ಮಳೆ ನಂಬಿದ ಹೊಲ ಕೈ ಹಿಡಿಯುತ್ತಿಲ್ಲ. "ಊರಲ್ಲೇ ಇದ್ದು ಪಾರ್ಸೆಲ್ ಡೆಲಿವರಿ ಮಾಡ್ತೀನಿ, ಒಂದು ಬೈಕ್ ಕೊಡಿಸಿ ಅಪ್ಪಾ" ಎನ್ನುತ್ತಾನೆ. ತಾಯಿ ಸರ ಅಡವಿಡಲೂ ಸಿದ್ಧ. "ಇಷ್ಟು ಓದಿ ಚೀಲ ಹೊರೋದಾ?" ಎಂದು ತಂದೆಗೆ ಸಂಕಟ. ಏನು ಮಾಡಬೇಕು?

ದುಡಿಮೆಯಲ್ಲಿ ಕೀಳಿಲ್ಲ

ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವವರು ನಾವು. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ನೀಡಿದರು. ಆದ್ದರಿಂದ "ಜನ ಏನಂದಾರು" ಎಂಬ ಒಂದೇ ಕಾರಣಕ್ಕೆ ಬೇಡವೆನ್ನಬೇಡಿ. ಆದರೆ ದುಡಿಮೆ ಮನುಷ್ಯನಿಗಾಗಿಯೇ ಹೊರತು ಮನುಷ್ಯ ದುಡಿಮೆಗಾಗಿ ಅಲ್ಲವೆಂದೂ ಜಗದ್ಗುರು ಎರಡನೆಯ ಜಾನ್ ಪೌಲ್ ಅವರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ. ಹಾಗಾಗಿ ಯೋಚಿಸದೆ ಹೌದೆನ್ನಲೂಬೇಡಿ.

ಕೈಗೆ ಉಳಿಯುವುದೆಷ್ಟು?

ಪೇಟೆಯ ಬೀದಿಯಲ್ಲಿ ಹತ್ತು ಪಾರ್ಸೆಲ್ ಕೊಡುವುದು ಬೇರೆ, ಪಾವಗಡದ ಚದುರಿದ ಹಳ್ಳಿಗಳಲ್ಲಿ ಹತ್ತು ಕೊಡುವುದು ಬೇರೆ. ಕೂಲಿ ಪಾರ್ಸೆಲಿನ ಲೆಕ್ಕದಲ್ಲಿದ್ದರೆ ದೂರದ ಖರ್ಚು ಯಾರದು? ದಿನಕ್ಕೆ 100 ಕಿಲೋಮೀಟರ್ ಓಡುವ, ಲೀಟರಿಗೆ 50 ಕೊಡುವ ಬೈಕಿಗೆ 2 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ಬರೀ 100 ರೂಪಾಯಿ ಎಂದಿಟ್ಟುಕೊಂಡರೂ 26 ದಿನಕ್ಕೆ 5,200 ರೂಪಾಯಿ. ಟೈರು, ಆಯಿಲ್, ಬೈಕಿನ ಕಂತು ಬೇರೆ. ಇಷ್ಟನ್ನೂ ಕಳೆದು ಉಳಿದದ್ದೇ ನಿಜವಾದ ಸಂಬಳ.

ಯಾರ ಕೈಕೆಳಗೆ ಕೆಲಸ?

ಕೆಲಸ ಕೊಡುವವರು ಕಂಪನಿಯವರೋ, ಗುತ್ತಿಗೆದಾರರೋ? ಪಾರ್ಸೆಲ್ ಕಳೆದರೆ, ಹಣ ಕಡಿಮೆ ಬಿದ್ದರೆ ಯಾರು ತುಂಬಬೇಕು? ಇದನ್ನು ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾಯ್ದೆ ತಂದಿದೆ. ಅದರಲ್ಲಿ ನೋಂದಣಿ ಮತ್ತು ಕಲ್ಯಾಣ ನಿಧಿಗೆ ಅವಕಾಶವಿದೆ. ನಿಮ್ಮ ಮಗನ ಕೆಲಸ ಅದರಡಿ ಬರುತ್ತದೆಯೇ ಎಂದು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಜೀವಕ್ಕಿಂತ ಪಾರ್ಸೆಲ್ ದೊಡ್ಡದಲ್ಲ

ಶಿರಾ ಮಾರ್ಗದ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಬೈಕ್ ಓಡಿಸುವುದು ಆಟವಲ್ಲ. ಲೈಸೆನ್ಸ್, ಹೆಲ್ಮೆಟ್ ಇಲ್ಲದೆ ಒಂದು ದಿನವೂ ಹೊರಡಬಾರದು. ಸ್ವಂತ ಬಳಕೆಗೆ ಮಾಡಿಸಿದ ವಿಮೆ ಡೆಲಿವರಿ ಸಮಯದ ಅಪಘಾತಕ್ಕೂ ಸಲ್ಲುತ್ತದೆಯೇ ಎಂದು ವಿಮಾ ಕಚೇರಿಯಲ್ಲಿ ಕೇಳಿ.

ಭಾನುವಾರದ ಮಾತು

ಭಾನುವಾರವೂ ಕೆಲಸವಿದ್ದರೆ? ಹಿಂದಿನ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಲ್ಲುತ್ತದೆ ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಅದಕ್ಕೂ ಅನುಕೂಲವಿಲ್ಲದಿದ್ದರೆ ಗುರುಗಳೊಡನೆ ಮಾತನಾಡಿ. ಆದರೆ ವಾರಕ್ಕೊಂದು ದಿನವೂ ಮನೆಯವರೊಡನೆ ಕುಳಿತು ಉಣ್ಣಲಾಗದಿದ್ದರೆ ಅದನ್ನೂ ನಷ್ಟದ ಪಟ್ಟಿಗೆ ಬರೆದುಕೊಳ್ಳಿ.

ಈ ವಾರ ಮನೆಯಲ್ಲಿ

ಜಪಸರದ ನಂತರ ಎಲ್ಲರೂ ಸೇರಿ ಈ ಲೆಕ್ಕವನ್ನು ಕಾಗದದ ಮೇಲೆ ಬರೆಯಿರಿ. ಈಗಾಗಲೇ ಈ ಕೆಲಸದಲ್ಲಿರುವ ಹುಡುಗನೊಬ್ಬನನ್ನು ಮನೆಗೆ ಕರೆದು ಕಷ್ಟಸುಖ ಕೇಳಿ. ಸಾಧ್ಯವಾದರೆ ಮನೆಯಲ್ಲಿರುವ ಬೈಕಿನಲ್ಲೇ ಮೂರು ತಿಂಗಳು ನೋಡಲಿ. ಅಮ್ಮನ ಸರ ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇರಲಿ. ಲೆಕ್ಕ ಕೂಡಿಬಂದರೆ ತಂದೆಯೇ ಮಗನ ತಲೆಯ ಮೇಲೆ ಕೈಯಿಟ್ಟು ಹರಸಿ ಕಳುಹಿಸಲಿ. ಕೂಡಿಬರದಿದ್ದರೆ ಬೇಡವೆನ್ನುವುದು ಸೋಲಲ್ಲ, ಅದು ವಿವೇಕ.

ಕಾರ್ಮಿಕ ಸಂತ ಜೋಸೆಫರೇ, ನಮ್ಮ ಮಕ್ಕಳಿಗೆ ತಕ್ಕ ದುಡಿಮೆಯ ದಾರಿ ತೋರಿಸಿ, ಹೋದವರನ್ನು ಕ್ಷೇಮವಾಗಿ ಮನೆ ಸೇರಿಸಿರಿ. ಆಮೆನ್.